ಹದಿನಾಲ್ಕನೇ ಸೂಜಿ

ಗುರುವಾರ, ನವೆಂಬರ್ ಆರು
ರಾತ್ರಿ ಹನ್ನೊಂದೂವರೆ, ಅಡುಗೆಮನೆಯಿಂದ

ನನ್ನ ಮುದ್ದು ಅಮ್ಮಾ,

ಮೇಲೆ ತಾರೀಕು ಹಾಕಿದ್ದೀನಿ, ನೋಡ್ಕೋ. ತಾರೀಕಿಲ್ಲದ್ದು ಕಾಗದ ಅಲ್ಲ, ಚೀಟಿ ಅಂತ ನೀನು ಬೈಯೋದು ನಂಗೆ ಈ ಪರದೇಶದವರೆಗೂ ಕೇಳಿಸುತ್ತೆ. ಎಂದಿನ ಹಾಗೆ ನಾನು ಹೇಳ್ತಾ ಹೋಗ್ತೀನಿ, ಫೋನು ಬರೆದುಕೊಳ್ಳುತ್ತೆ, ನಾಳೆ ಲೈಬ್ರರೀಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಅಂಚೆಗೆ ಕೊಡ್ತೀನಿ. ನಿನ್ನ ಕಿವಿ ನೀನು ದುಡೀತಿದ್ದ ಕಾರ್ಖಾನೆಯ ಆ ಮೂವತ್ತು ಹೊಲಿಗೆ ಮೆಷಿನ್‌ಗಳ ಸದ್ದಿನಲ್ಲೇ ಉಳಿದುಬಿಡ್ತು. ಫೋನ್ ಮಾಡಿದ್ರೆ ನೀನು ‘ಹ್ಞೂಂ ಹ್ಞೂಂ’ ಅನ್ನೋದು ಕೇಳಿಸಿದ್ದಕ್ಕಲ್ಲ ಅಂತ ನಂಗೆ ಗೊತ್ತು, ನಂಗೆ ಗೊತ್ತು ಅಂತ ನಿಂಗೂ ಗೊತ್ತು. ಕೈಯಲ್ಲೇ ಬರೆಯೋಣ ಅಂದ್ರೆ ಕೂತ್ಕೋಬೇಕು. ನಾನು ಕೂತಿದ್ದು ಯಾವತ್ತು? ಮೆಷಿನ್ ಒಳಗೆ ಸದಾ ಸುತ್ತೋ ದಾರದುರುಳೆ ಹೆಸರು, ‘ಬಾಬಿನ್’ ಅಂತ, ಸುಮ್ನೆ ಇಟ್ಟೆಯಾ ನೀನು? ಈಗಲೂ ಒಲೆಯಿಂದ ಕಿಟಕಿಗೆ ಐದು ಹೆಜ್ಜೆ, ಕಿಟಕಿಯಿಂದ ಒಲೆಗೆ ಐದು ಹೆಜ್ಜೆ, ಸುತ್ತುತ್ತಾನೇ ಮಾತಾಡ್ತಿದ್ದೀನಿ. ಮೆಲ್ಲಗೆ ಮಾತಾಡ್ಬೇಕು, ಪಕ್ಕದ ಕೋಣೇಲಿ ಬಸ್ಸಕ್ಕ ಮಲಗಿದ್ದಾಳೆ. ಊರಿನ ಮೊದಲನೇ ಬಸ್ಸು ಓಡಿಸೋದು ಅವಳೇ, ನಾಲ್ಕು ಗಂಟೆಗೆ ಏಳ್ತಾಳೆ. ಗೋಡೆ ತಟ್ಟಿದ್ಲು ಅಂದ್ರೆ ನನ್ನ ದನಿ ಜಾಸ್ತಿಯಾಯ್ತು ಅಂತ ಲೆಕ್ಕ.

ಕತ್ತು ನೋವು ಹೇಗಿದೆ? ಮೆಷಿನ್ ಮಾರಿಬಿಟ್ಟೆ ಅಂತ ಬರೆದಿದ್ದೆಯಲ್ಲ, ಓದಿ ಒಂದು ಕಡೆ ಬೇಜಾರು, ಇನ್ನೊಂದು ಕಡೆ ಸಮಾಧಾನ ಆಯ್ತು. ಡಾಕ್ಟರು ಹೇಳಿದ್ದನ್ನ ಜನ್ಮದಲ್ಲಿ ಒಂದು ಸಲ ಕೇಳಿದೆಯಲ್ಲ. ನೀನು ಅಂಗಡೀಲಿ ಕೊಂಡು ಕಳಿಸಿದ ನೀಲಿ ಕೋಟೂ ಹೋದ ತಿಂಗಳೇ ಬಂತು. ಎಷ್ಟು ಚೆನ್ನಾಗಿದೆ ಅಂತೀಯ! ಇನ್ನೂ ಅಷ್ಟು ಚಳಿ ಬಿದ್ದಿಲ್ಲ, ಬಾಗಿಲ ಹಿಂದೆ ನೇತುಹಾಕಿದ್ದೀನಿ.

ಸರಿ. ಸುತ್ತಿ ಬಳಸಿದ್ದು ಸಾಕು.

ಅಮ್ಮಾ, ನಿಂಗೆ ಎರಡು ವಿಷಯ ಹೇಳ್ಬೇಕು. ಒಂದು ಎರಡು ವರ್ಷದ್ದು, ಒಂದು ಹೋದ ವಾರದ್ದು. ಹಳೇದನ್ನ ಮೊದಲು ಹೇಳ್ತೀನಿ, ಯಾಕಂದ್ರೆ ಅದಿಲ್ಲದೆ ಇದು ಅರ್ಥ ಆಗಲ್ಲ.

ನಂಗೆ ಹದಿನೈದು ವರ್ಷ ಇದ್ದಾಗ ಮೆಷಿನ್ ಸೂಜಿ ನಿನ್ನ ಉಗುರಿನ ಮೇಲಿಂದ ಇಳಿದು ಕೆಳಗೆ ಬಂದಿತ್ತಲ್ಲ. ನೀನು ಅಳಲಿಲ್ಲ. ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ ಸೂಜಿ ಮೇಲೆತ್ತಿದೆ, ಬೆರಳಿಗೆ ಬಟ್ಟೆ ಸುತ್ತಿದೆ, ಆಮೇಲೆ ನನ್ನ ಕರೆದು ಮುಂದೆ ನಿಲ್ಲಿಸಿಕೊಂಡೆ. “ಪೆನ್ನು ಹಿಡಿ, ಸೌಟು ಹಿಡಿ, ಬೇಕಾದ್ರೆ ಸ್ಟಿಯರಿಂಗ್ ಹಿಡಿ, ಸೂಜಿ ಹಿಡಿದು ಹೊಟ್ಟೆ ಹೊರೆಯಲ್ಲ ಅಂತ ನನ್ನ ತಲೆ ಮೇಲೆ ಕೈ ಇಟ್ಟು ಹೇಳು” ಅಂದೆ ನೀನು. ನಾನು ಇಟ್ಟೆ. ನಿನ್ನ ಕೂದಲಲ್ಲಿ ದಾರದ ಚೂರುಗಳಿದ್ವು, ಅದೂ ನೆನಪಿದೆ.

ಆ ಮಾತು ಮುರಿದು ಎರಡು ವರ್ಷ ಆಯ್ತು.

ನಾನು ಉಪಗ್ರಹ ಕೆಲಸದಲ್ಲಿದ್ದೀನಿ ಅಂತ ಬರೆದಿದ್ದು ಸುಳ್ಳಲ್ಲ. ಆದ್ರೆ ಯಾವ ಕೆಲಸ ಅಂತ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಸೇರಿದ್ದು ನೆಲ ಒರೆಸೋಕೆ. ಆಕಾಶಕ್ಕೆ ಹಾರೋ ನೌಕೆ ಕಟ್ಟೋ ಕೋಣೆ ಇದೆಯಲ್ಲ, ಅದರಷ್ಟು ಚೊಕ್ಕ ಜಾಗ ಆಸ್ಪತ್ರೇಲೂ ಇರಲ್ಲ. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಕಣ್ಣು ಮಾತ್ರ ಕಾಣಬೇಕು. ಒಂದು ಕೂದಲೆಳೆ ಬಿದ್ರೂ ಬರೆದಿಡ್ತಾರೆ. ಒಂದಿನ ನನ್ನ ಕಾಲಿನ ಚೀಲ ಹರಿದಿತ್ತು. ಮೂಲೇಲಿ ನಿಂತು ಹೊಲ್ಕೊಂಡೆ, ಹೊಲಿಗೆ ಹೊರಗೆ ಕಾಣದ ಹಾಗೆ, ನೀನು ಕಲಿಸಿದ್ದೇ. ಹಿಂದೆ ಯಾರೋ ನಿಂತ ಹಾಗಾಯ್ತು. ತಿರುಗಿದ್ರೆ ಹೊಲಿಗೆ ವಿಭಾಗದ ಮುಖ್ಯಸ್ಥೆ. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ‘ದೊಡ್ಡಕತ್ತರಿ’. ಮೊದಲು ಹಡಗಿನ ಹಾಯಿ ಹೊಲೀತಿದ್ದವರಂತೆ. ನನ್ನ ಕಾಲು ಎತ್ತಿಸಿ, ಕುದುರೆ ಲಾಳ ನೋಡೋ ಹಾಗೆ ನೋಡಿದ್ರು. “ನಾಳೆಯಿಂದ ಪೊರಕೆ ಮುಟ್ಟಬೇಡ” ಅಂದ್ರು, ಅಷ್ಟೇ.

ನೌಕೆಗೆ ಹೊಲಿಗೆ ಯಾಕೆ ಅಂತೀಯಾ? ಹೊದಿಕೆ ಬೇಕಮ್ಮಾ ಅದಕ್ಕೆ. ಬಿಸಿಲು ಬಿದ್ದ ಕಡೆ ಸುಡುತ್ತೆ, ನೆರಳಿನ ಕಡೆ ಎಲ್ಲ ಹೆಪ್ಪುಗಟ್ಟುತ್ತೆ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿರೋ ಬೆಳ್ಳಿ ಬಣ್ಣದ ಹಾಳೆ, ಇಪ್ಪತ್ತು ಪದರ, ಒಂದೊಂದರ ನಡುವೆ ಸೊಳ್ಳೆಪರದೆ ಥರ ಜಾಲರಿ. ಅದನ್ನ ಅಳತೆಗೆ ಕತ್ತರಿಸಿ, ಮೂಲೆ ತಿರುಗಿಸಿ, ಹೊಲೀಬೇಕು. ಮೆಷಿನ್ ಹೋಗದ ಕಡೆ ಕೈ ಹೊಲಿಗೆ. ಜಗತ್ತಿನಲ್ಲಿ ಇಷ್ಟೆಲ್ಲಾ ಯಂತ್ರ ಬಂದಿದೆ, ಕೊನೆಗೆ ಆಕಾಶಕ್ಕೆ ಹೋಗೋದಕ್ಕೂ ದರ್ಜಿಯೇ ಬೇಕಾಯ್ತು ನೋಡು. ನಾವು ಆರು ಜನ ಇದ್ದೀವಿ.

ಸಿಟ್ಟು ಬಂತಾ? ಬರ್ಲಿ. ಆದ್ರೆ ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡ್ಕೋ.

(ಗೋಡೆ ತಟ್ಟಿದ್ಲು. ಮೆಲ್ಲಗೆ, ಮೆಲ್ಲಗೆ.)

ಈ ನೌಕೆ ಎಲ್ಲಿಗೆ ಹೋಗುತ್ತೆ ಗೊತ್ತಾ? ತುಂಬಾ ದೂರದ ಒಂದು ಗ್ರಹಕ್ಕೆ ಪುಟ್ಟದೊಂದು ಚಂದ್ರ ಇದೆ. ಮೇಲೆಲ್ಲ ಮಂಜುಗಡ್ಡೆ, ಮೊಟ್ಟೆ ಚಿಪ್ಪಿನ ಹಾಗೆ. ಒಳಗಡೆ ಸಮುದ್ರ. ಚಿಪ್ಪು ಅಲ್ಲಲ್ಲಿ ಬಿರುಕು ಬಿಟ್ಟಿದೆ, ಅಲ್ಲಿಂದ ನೀರು ಆಕಾಶಕ್ಕೆ ಚಿಮ್ಮುತ್ತೆ. ಹಿಂದೆ ಹೋಗಿದ್ದ ಒಂದು ನೌಕೆ ಆ ತುಂತುರೊಳಗೇ ಹಾದು ಬಂತಂತೆ, ನಾವು ಮಳೇಲಿ ಓಡಿ ಬರಲ್ವಾ, ಹಾಗೆ. ಅದರಲ್ಲಿ ಉಪ್ಪು ಸಿಕ್ತು. ಜೀವಕ್ಕೆ ಬೇಕಾದ ಇನ್ನೂ ಏನೇನೋ ಸಿಕ್ತು. ಮೊನ್ನೆ ಮೊನ್ನೆ ಇನ್ನೆಲ್ಲೋ ಒಂದು ಕ್ಷುದ್ರಗ್ರಹದಿಂದ ತಂದ ಮಣ್ಣಿನಲ್ಲೂ ಅಂಥದೇ ಸಾಮಾನು ಸಿಕ್ಕಿದೆ. ಬೇರೆ ಬೇರೆ ನಕ್ಷತ್ರಗಳ ಸುತ್ತ ತಿರುಗೋ ಗ್ರಹಗಳು, ಇಲ್ಲೀವರೆಗೆ ಕಂಡುಹಿಡಿದಿರೋವೇ ಆರು ಸಾವಿರ ದಾಟಿವೆ. ಎಲ್ಲಾ ಕಡೆ ಅಕ್ಕಿ ಇದೆ, ಬೇಳೆ ಇದೆ, ಉಪ್ಪಿದೆ, ಅಡುಗೆ ಎಲ್ಲಿ ಆಗಿದೆ ಅಂತ ಮಾತ್ರ ಗೊತ್ತಿಲ್ಲ. ನಮ್ಮ ನೌಕೆ ಹೋಗ್ತಿರೋದು ಅದನ್ನ ನೋಡೋಕೆ.

ಇದೆಲ್ಲ ಹೇಳಿದ್ದು ನೀರಿನಜ್ಜ. ಆ ಚಂದ್ರನ ಸಮುದ್ರದ ಬಗ್ಗೆ ಬಿಟ್ರೆ ಬೇರೆ ಮಾತೇ ಆಡಲ್ಲ, ಅದಕ್ಕೇ ಆ ಹೆಸರು. ದೊಡ್ಡ ವಿಜ್ಞಾನಿ. ಈ ನೌಕೆ ಬೇಕು ಅಂತ ಇಪ್ಪತ್ತೆರಡು ವರ್ಷ ಎಲ್ಲರ ಬಾಗಿಲು ತಟ್ಟಿದ್ದಾರೆ. ದಿನಾ ಬೆಳಿಗ್ಗೆ ನಮ್ಮ ಕೋಣೆಯ ಗಾಜಿನ ಆಚೆ ಬಂದು ನಿಲ್ತಾರೆ, ಹಬ್ಬದ ಹಿಂದಿನ ದಿನ ಬಟ್ಟೆ ಆಯ್ತಾ ಅಂತ ಅಂಗಡಿ ಮುಂದೆ ನಿಲ್ಲೋ ಗಿರಾಕಿ ಹಾಗೆ. ಆಚೆಯಿಂದ ಮಾತಾಡೋಕೆ ಒಂದು ಫೋನಿದೆ. ಅಲ್ಲಿಗೆ ತಲುಪೋಕೆ ಏಳು ವರ್ಷ ಬೇಕು. ಆಗ ಅಜ್ಜನಿಗೆ ಎಂಬತ್ತು. “ನಂದೂ ನೌಕೇದೂ ರೇಸು” ಅಂತ ನಗ್ತಾರೆ. ಗ್ರಹಗಳೆಲ್ಲ ಸರಿಯಾದ ಜಾಗದಲ್ಲಿ ಇದ್ದಾಗಲೇ ಹಾರಿಸಬೇಕಂತೆ. ಈ ಸಲ ತಪ್ಪಿದ್ರೆ ಇನ್ನು ಹದಿಮೂರು ತಿಂಗಳು ಕಾಯಬೇಕು. ಅಜ್ಜನ ಎದೆಯಲ್ಲಿ ಆಗಲೇ ಎರಡು ಸಲ ರಿಪೇರಿ ಆಗಿದೆ.

ಈಗ ಹೋದ ವಾರದ ಮಾತು.

ನಮ್ಮ ಕೋಣೇಲಿ ಸೂಜಿಗಳಿಗೆ ಒಂದು ಹಲಗೆ ಇದೆ. ಇಪ್ಪತ್ತನಾಲ್ಕು ತೂತು, ಇಪ್ಪತ್ತನಾಲ್ಕು ಸೂಜಿ, ಒಂದೊಂದಕ್ಕೂ ನಂಬರು. ಬೆಳಿಗ್ಗೆ ಬೇಕಾದ್ದು ತಗೋಬೇಕು, ಸಂಜೆ ವಾಪಸ್ ಇಡಬೇಕು, ದೊಡ್ಡಕತ್ತರಿ ಎಣಿಸಬೇಕು. ನೀನು ಸಂಜೆ ದೀಪ ಹಚ್ಚೋ ಮುಂಚೆ ಆ ದುಂಡು ಡಬ್ಬಿ ತೆಗೆದು ಎಣಿಸ್ತಿದ್ದೆಯಲ್ಲ, ಹಾಗೇ. ಒಂದು ಸೂಜಿ ಆ ಪದರಗಳ ನಡುವೆ ಉಳೀತು ಅಂದ್ರೆ ಹಾರುವಾಗ ಅದು ಎಲ್ಲಿಗೆ ಹೋಗಿ ಏನನ್ನ ಚುಚ್ಚುತ್ತೋ ದೇವರಿಗೇ ಗೊತ್ತು.

ಮಂಗಳವಾರ ಸಂಜೆ ಹದಿನಾಲ್ಕನೇ ತೂತು ಖಾಲಿ.

ದೊಡ್ಡಕತ್ತರಿ ಮೂರು ಸಲ ಎಣಿಸಿದ್ರು. ಬಾಗಿಲು ಹಾಕಿಸಿದ್ರು. ಮೇಜಿನ ಕೆಳಗೆ, ನೆಲದ ಮೇಲೆ, ನಮ್ಮ ಅಂಗಿಗಳ ಮೇಲೆ ಅಯಸ್ಕಾಂತ ಆಡಿಸಿದ್ರು. ಇಲ್ಲ. ಯಾರು ಯಾವ ಸೂಜಿ ತಗೊಂಡ್ರು ಅಂತ ಬರೆಯೋ ಪದ್ಧತಿ ಆಗ ಇರಲಿಲ್ಲ. ಒಂದು ಹಾಳೆ ತಂದು ಮುಂದಿಟ್ರು. ಸೂಜಿ ನನ್ನ ಹತ್ರ ಇಲ್ಲ, ಎಲ್ಲಿದೆ ಅಂತಾನೂ ಗೊತ್ತಿಲ್ಲ ಅಂತ ಆರೂ ಜನ ಸಹಿ ಹಾಕಿದ್ವಿ. ನಾನು ನಿಜವಾಗ್ಲೂ ಗೊತ್ತಿಲ್ಲದೇ ಹಾಕಿದ್ದು ಅಮ್ಮಾ, ನಿನ್ನಾಣೆ. ನನ್ನ ಆಣೆ ಮೇಲೆ ನಿಂಗೆ ಈಗ ನಂಬಿಕೆ ಇದೆಯೋ ಇಲ್ವೋ.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಹೊದಿಕೆ ಬಿಚ್ಚೋಕೆ ಶುರು ಮಾಡೋದು ಅಂತ ತೀರ್ಮಾನ ಆಯ್ತು. ಹನ್ನೊಂದು ದಿನದ ಹೊಲಿಗೆ. ಆ ಹಾಳೆ ಒಂದು ಸಲ ಬಿಚ್ಚಿದ್ರೆ ಮತ್ತೆ ಹೊಲಿಯೋಕೆ ಬರಲ್ಲ, ತೂತುಗಳು ಹರೀತವೆ. ಹೊಸದಾಗೇ ಕತ್ತರಿಸಿ, ಹೊಲಿದು, ಎಲ್ಲಾ ಪರೀಕ್ಷೆನೂ ಮೊದಲಿಂದ ಮಾಡ್ಬೇಕು. ಅಷ್ಟು ದಿನ ನಮ್ಮ ಹತ್ರ ಇಲ್ಲ. ಎಲ್ಲರಿಗೂ ಗೊತ್ತು: ಬಿಚ್ಚಿದ್ರೆ ಈ ಸಲ ಹಾರಲ್ಲ. ಅಜ್ಜ ಗಾಜಿನ ಆಚೆ ನಿಂತಿದ್ರು. ಫೋನ್ ಎತ್ತಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡಿದ್ರು.

ರಾತ್ರಿ ಮನೆಗೆ ಬಂದೆ. ಬಸ್ಸಕ್ಕನ ಸಮವಸ್ತ್ರದ ಗುಂಡಿ ಕಿತ್ತುಹೋಗಿತ್ತು, ತಾನೇ ಹೊಲೀತೀನಿ ಅಂತ ಬೆರಳೆಲ್ಲ ಚುಚ್ಚಿಕೊಂಡು ಕೂತಿದ್ಲು. “ಆಕಾಶಕ್ಕೇ ಹೊಲೀತೀಯಂತೆ, ನಂಗೊಂದು ಗುಂಡಿ ಹೊಲಿದುಕೊಡಮ್ಮ ಮಹಾರಾಣಿ” ಅಂದ್ಲು. ಹೊಲೀತಿದ್ದೆ. ಒಲೆ ಮೇಲೆ ಹಾಲು ಉಕ್ಕಿತು. ಎದ್ದು ಓಡಿದೆ. ಹಾಲು ಇಳಿಸಿ ಬಂದು ಕೂತು ಸೂಜಿ ಹುಡುಕ್ತೀನಿ, ಇಲ್ಲ. ಬಸ್ಸಕ್ಕ ಬಿದ್ದು ಬಿದ್ದು ನಗ್ತಾಳೆ: “ಲೇ, ನಿನ್ನ ಕಾಲರ್‌ನಲ್ಲೇ ಇದೆಯಲ್ಲೇ!”

ಎಡಗಡೆ ಕಾಲರ್. ನೀನು ಇಡೋ ಜಾಗ. ಗಿರಾಕಿ ಬಂದ್ರೂ, ಒಲೆ ಮೇಲೆ ಏನಾದ್ರೂ ಹತ್ತಿದ್ರೂ, ನಾನು ಅತ್ರೂ, ನಿನ್ನ ಕೈ ಮೊದಲು ಅಲ್ಲಿಗೇ ಹೋಗ್ತಿತ್ತು, ಸೂಜಿ ಅಲ್ಲಿಟ್ಟೇ ನನ್ನ ಎತ್ಕೋತಿದ್ದೆ. ಚಿಕ್ಕವಳಿದ್ದಾಗ ನಂಗೆ ಗೊತ್ತಿತ್ತು, ನಿನ್ನ ಬಲ ಭುಜದ ಮೇಲೆ ಮಾತ್ರ ತಲೆ ಇಡಬೇಕು ಅಂತ.

ಆಗ ನೆನಪಾಯ್ತು. ಮಂಗಳವಾರ ಊಟಕ್ಕೆ ಮುಂಚೆ ಅಜ್ಜ ಗಾಜು ತಟ್ಟಿದ್ರು, ಆ ಚಂದ್ರನ ಹೊಸ ಚಿತ್ರ ತೋರಿಸೋಕೆ. ನಾನು ಮೂಲೆ ಹೊಲೀತಿದ್ದೆ. ಎದ್ದು ಹೋದೆ. ಕೈಗೆ ಗೊತ್ತಿತ್ತು ಸೂಜಿ ಎಲ್ಲಿಡಬೇಕು ಅಂತ, ನಂಗೆ ಗೊತ್ತಾಗಲಿಲ್ಲ. ಚಿತ್ರ ನೋಡಿ, ಹಾಗೇ ಊಟಕ್ಕೆ ಹೋಗಿ, ಬಿಳಿ ಅಂಗಿ ಬಿಚ್ಚಿ ಒಗೆಯೋ ಚೀಲಕ್ಕೆ ಹಾಕಿದೆ. ಮಧ್ಯಾಹ್ನ ಹೊಸ ಅಂಗಿ, ಬೇರೆ ಕೆಲಸ, ಅಂಚಿಗೆ ಟೇಪು ಅಂಟಿಸೋದು, ಅದಕ್ಕೆ ಸೂಜಿಯೇ ಬೇಡ. ಸಂಜೆ ಅವರು ಹುಡುಕಿದ್ದು ಸಂಜೆಯ ಅಂಗಿಗಳಲ್ಲಿ.

ಅಮ್ಮಾ, ಈ ಮುಂದಿನ ನಾಲ್ಕು ಸಾಲು ಹೇಳದೇ ಬಿಡಬಹುದಿತ್ತು. ಹೇಳ್ತೀನಿ. ಗೊತ್ತಾದ ತಕ್ಷಣ ನಾನು ಫೋನ್ ಎತ್ತಲಿಲ್ಲ. ಸುಮ್ನಿದ್ದುಬಿಡೋಣ ಅಂತ ಅನ್ನಿಸ್ತು. ಕೆಲಸ ಹೋದ್ರೆ ಇಲ್ಲಿರೋ ಪರವಾನಗೀನೂ ಹೋಗುತ್ತೆ, ತಿಂಗಳೊಳಗೆ ಈ ದೇಶ ಬಿಡಬೇಕು. ಒಗೆಯೋ ಕಡೆ ಯಾರೋ ಸೂಜಿ ನೋಡ್ತಾರೆ, ಬಿಸಾಕ್ತಾರೆ, ಯಾರ ಹೆಸರೂ ಬರಲ್ಲ. ನೌಕೆ ಹದಿಮೂರು ತಿಂಗಳು ತಡ ಆದ್ರೆ ಆಕಾಶ ಏನು ಓಡಿ ಹೋಗುತ್ತಾ ಅಂತ ನಂಗೆ ನಾನೇ ಹೇಳ್ಕೊಂಡೆ. ಎರಡು ಗಂಟೆ ಹಾಗೇ ಇದ್ದೆ. ಕೂತಿದ್ದೆ ಅಮ್ಮಾ, ನಡೀಲೇ ಇಲ್ಲ. ಬಸ್ಸಕ್ಕನಿಗೆ ಅದು ನೋಡಿಯೇ ಹೆದರಿಕೆ ಆಯ್ತಂತೆ.

ಆಮೇಲೆ ಆ ಹಳದಿ ಫ್ರಾಕ್ ನೆನಪಾಯ್ತು. ಮರೆತಿದ್ದೀಯಾ? ಕೊನೇ ಮನೆಯ ಮಗೂದು. ಫ್ರಾಕ್ ಕೊಟ್ಟು ಕಳಿಸಿದ ಮೇಲೆ ಡಬ್ಬೀಲಿ ಗುಂಡುಸೂಜಿ ಒಂದು ಕಮ್ಮಿ ಬಂತು. ನೀನು ಸುಡೋ ಮಧ್ಯಾಹ್ನದಲ್ಲಿ ಚಪ್ಪಲಿನೂ ಹಾಕದೆ ಓಡಿದ್ದೆ, ನಾನು ನಿನ್ನ ಹಿಂದೆ. ಅವರ ಮನೆ ತುಂಬ ನೆಂಟರು. ಎಲ್ಲರ ಮುಂದೆ ನೀನು, ತಪ್ಪಾಯ್ತು, ಬಟ್ಟೆ ವಾಪಸ್ ಕೊಡಿ, ಸೂಜಿ ಬಿಟ್ಟಿದ್ದೀನಿ ಅಂದೆ. ಆ ಮನೆಯವರು ಮತ್ತೆ ನಮ್ಮ ಹತ್ರ ಬಟ್ಟೆ ಕೊಡಲೇ ಇಲ್ಲ. ವಾಪಸ್ ಬರುವಾಗ ನಾನು ನಾಚಿಕೆಯಿಂದ ಅತ್ತಿದ್ದೆ. ನೀನು ಹೇಳಿದ್ದೆ, ಮರ್ಯಾದೆ ಹರಿದ್ರೆ ಮತ್ತೆ ಹೊಲ್ಕೋಬಹುದು ಕಣೇ, ಮಗೂಗೆ ಚುಚ್ಚಿದ್ರೆ ಏನು ಮಾಡ್ಲಿ ಅಂತ.

ಬಸ್ಸಕ್ಕನ ಮೊದಲನೇ ಬಸ್ಸಲ್ಲೇ ಹೋದೆ. ಬಸ್ಸಲ್ಲಿ ನಾನೊಬ್ಬಳೇ. ಅವಳು ಎಲ್ಲೂ ನಿಲ್ಲಿಸಲಿಲ್ಲ, ಯಾರೋ ಕೈ ತೋರಿಸಿದವರನ್ನೂ ಬಿಟ್ಟು ಓಡಿಸಿದ್ಲು. ದಾರೀಲಿ ದೊಡ್ಡಕತ್ತರಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಆ ಕಡೆಯಿಂದ ಒಂದೇ ಮಾತು: “ಬಾ.” ಒಗೆಯೋ ಮನೆ ಬಾಗಿಲಲ್ಲಿ ಅವರು ಆಗಲೇ ನಿಂತಿದ್ರು, ಮೇಲಂಗಿ ಕೆಳಗೆ ಮಲಗೋ ಬಟ್ಟೆ. ನಲವತ್ತೊಂದು ಚೀಲ. ಒಗೆಯೋರು ಮೊದಲನೇ ವಾಷಿಂಗ್ ಮೆಷಿನ್‌ಗೆ ಬಟ್ಟೆ ತುಂಬ್ತಿದ್ರು, ನಿಲ್ಲಿಸಿದ್ವಿ. ಮೂವತ್ತಾರನೇ ಚೀಲದಲ್ಲಿ ನನ್ನ ಅಂಗಿ. ಎಡಗಡೆ ಕಾಲರ್ ಒಳಗೆ ಹದಿನಾಲ್ಕು, ಬಾಲದಲ್ಲಿ ದಾರ ಸಮೇತ. ಏನೂ ಆಗೇ ಇಲ್ಲ ಅನ್ನೋ ಹಾಗೆ.

ದೊಡ್ಡಕತ್ತರಿ ಸೂಜಿ ಬೆಳಕಿಗೆ ಹಿಡಿದು ನಂಬರ್ ಓದಿದ್ರು. ಇಷ್ಟು ಬುದ್ಧಿಗೇಡಿ ಜಾಗದಲ್ಲಿ ಸೂಜಿ ಇಡೋಕೆ ಯಾರು ಕಲಿಸಿದ್ದು ಅಂತ ಕೇಳಿದ್ರು. ನಾನು, ನಮ್ಮಮ್ಮ ಅಂದೆ. ಅವರು ತಮ್ಮ ಮೇಲಂಗಿಯ ಕಾಲರ್ ಮಡಚಿ ತೋರಿಸಿದ್ರು. ಎಡಗಡೆ, ಜರಡಿ ಹಾಗೆ ತೂತು ತೂತು. “ನಮ್ಮಪ್ಪ” ಅಂದ್ರು.

ಹೊದಿಕೆ ಬಿಚ್ಚಲಿಲ್ಲ.

ನನ್ನ ಕೆಲಸ ಹೋಗಲಿಲ್ಲ, ಆದ್ರೆ ಬೆನ್ನು ತಟ್ಟಿದ್ರು ಅಂತ ಅಂದ್ಕೋಬೇಡ. ನನ್ನ ಹೆಸರಿನ ಮುಂದೆ ಬರೆದಿಟ್ಟಿದ್ದಾರೆ. ಮೂರು ವಾರ ಹೊಲಿಗೆ ಮುಟ್ಟೋ ಹಾಗಿಲ್ಲ, ಹಲಗೆ ಮುಂದೆ ನಿಂತು ಎಲ್ಲರ ಸೂಜಿ ಎಣಿಸಬೇಕು. ಹೊದಿಕೆಯ ಕೊನೇ ಅಂಚು ಬೇರೆಯವರು ಮುಚ್ಚಿದ್ರು. ಅದು ನಂಗೆ ಸಿಗಬೇಕಿತ್ತು. ನೋಡ್ತಾ ನಿಂತಿದ್ದೆ. ಹೊಟ್ಟೆಕಿಚ್ಚು ಪಡಬಾರದು ಅಂತ ಎಣಿಸಿದ ಸೂಜೀನೇ ಮತ್ತೆ ಎಣಿಸಿದೆ.

ಈಗ ಊಟಕ್ಕೂ ಮುಂಚೆ ಎಣಿಕೆ. ಜೊತೆಗೊಂದು ಹೊಸ ಪದ್ಧತಿ ಬಂದಿದೆ: ಬಾಗಿಲು ದಾಟೋ ಮುಂಚೆ ಆರೂ ಜನ ಎಡಗಡೆ ಕಾಲರ್ ಸವರಿ ನೋಡ್ಕೋಬೇಕು. ಅದಕ್ಕೆ ‘ಅಮ್ಮ’ ಅಂತ ಹೆಸರಿಟ್ಟಿದ್ದಾರೆ. ನಮ್ಮ ಭಾಷೆಯ ಗಂಧಗಾಳಿ ಇಲ್ಲದವರೆಲ್ಲ ಬಾಗಿಲ ಹತ್ರ ನಿಂತು ಒಬ್ಬರನ್ನೊಬ್ಬರು “ಅಮ್ಮ ಆಯ್ತಾ?” ಅಂತ ಕೇಳ್ತಾರೆ. ನಾನೇ ಹೇಳಿಕೊಟ್ಟಿದ್ದು. ಕೇಳಿದಾಗೆಲ್ಲ ನಗು ಬರುತ್ತೆ.

ಅಜ್ಜ ಸೂಜಿ ನೋಡ್ಬೇಕು ಅಂದ್ರು. ಗಾಜಿಗೆ ಹಿಡಿದು ತೋರಿಸಿದೆ. ಫೋನ್ ಎತ್ತಿ, “ನನ್ನ ಇಪ್ಪತ್ತೆರಡು ವರ್ಷ ಇಷ್ಟೇ ಇಷ್ಟುದ್ದದ ಸೂಜಿ ತುದೀಲಿ ನಿಂತಿತ್ತಾ?” ಅಂದ್ರು. ತಪ್ಪಾಯ್ತು, ನಾನೇ ಇಟ್ಟಿದ್ದು ಅಂದೆ. “ಗಾಜು ತಟ್ಟಿ ಕರೆದವನು ನಾನು, ಪಾಪದಲ್ಲಿ ಅರ್ಧ ನಂದು” ಅಂದ್ರು. ಟೋಪಿ ತಲೆ ಮೇಲಿತ್ತು.

ಅಮ್ಮಾ, ಆ ಹೊದಿಕೇಲಿ ನಾನು ಹಾಕಿದ ಗಂಟುಗಳು ಮುನ್ನೂರ ಹನ್ನೆರಡು ಇವೆ. ಎಲ್ಲಾ ನಿನ್ನ ಗಂಟೇ, ಮೂರು ಸುತ್ತು ಸುತ್ತಿ ಉಗುರಲ್ಲಿ ಎಳೆಯೋದು. ಇಲ್ಲಿಯವರು ಅದನ್ನ ಯಂತ್ರಕ್ಕೆ ಕಟ್ಟಿ, ಅಲ್ಲಾಡಿಸಿ, ಸುಟ್ಟು, ಹೆಪ್ಪುಗಟ್ಟಿಸಿ ನೋಡಿದ್ರು. ಒಂದೂ ಬಿಚ್ಚಿಕೊಳ್ಳಲಿಲ್ಲ. ಮುಂದಿನ ತಿಂಗಳು ಅವು ಹೊರಡ್ತವೆ. ನಾನು ನಿಂಗೆ ಕೊಟ್ಟ ಮಾತು ಮುರಿದೆ, ನಿಜ. ಆದ್ರೆ ನಿನ್ನ ಕೈ ಕೆಲಸ ಒಂದು ಸಮುದ್ರ ನೋಡೋಕೆ ಹೋಗ್ತಿದೆ ಅಮ್ಮಾ, ಇದನ್ನ ನಿನ್ನಿಂದ ಇನ್ನೂ ಎಷ್ಟು ದಿನ ಮುಚ್ಚಿಡ್ಲಿ?

ಕಾಗದದ ಜೊತೆ ಬೆಳ್ಳಿ ಹಾಳೆಯ ಒಂದು ಚೂರು ಇಟ್ಟಿದ್ದೀನಿ. ಕೇಳಿಯೇ ತಗೊಂಡಿದ್ದು, ಕದ್ದಿದ್ದಲ್ಲ. ಅಂಚು ನನ್ನ ಹೊಲಿಗೆ. ನೀನು ಯಾವಾಗ್ಲೂ ಮಾಡೋ ಹಾಗೆ ಹೆಬ್ಬೆರಳ ಉಗುರು ಎಳೆದು ನೋಡು. ಎಲ್ಲಾದ್ರೂ ತಡೆದ್ರೆ ಬೈ. ತಡೀದೇ ಇದ್ರೆ, ಆಗ್ಲೂ ಬೈ, ಮಾತು ಮುರಿದಿದ್ದಕ್ಕೆ. ಆದ್ರೆ ಎರಡಕ್ಕೂ ಬರೆದೇ ಬೈಬೇಕು, ಮೇಲೆ ತಾರೀಕು ಹಾಕಿ.

ಗೋಡೆ ಎರಡನೇ ಸಲ ತಟ್ಟಿದ್ಲು. ನಿಲ್ಲಿಸ್ತೀನಿ.

ಇನ್ನೂ ಸುತ್ತುತ್ತಲೇ ಇರೋ
ನಿನ್ನ ಬಾಬಿನ್

ತಾ.ಕ.: ಇದು ಕೈಬರಹ, ಕಾಗೆ ಕಾಲು ಅನ್ನಬೇಡ. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೀತಿದ್ದೀನಿ. ಹೌದು, ಕೂತು. ಇವತ್ತು ಬೆಳಿಗ್ಗೆ ಗಾಳಿ ಕೊರೀತಿತ್ತು, ನೀನು ‘ಅಂಗಡೀಲಿ ಕೊಂಡ’ ಕೋಟು ಹಾಕ್ಕೊಂಡೆ. ಬಾಗಿಲು ದಾಟುವಾಗ ಹೊಸ ಅಭ್ಯಾಸದ ಹಾಗೆ ಕೈ ಎಡಗಡೆ ಕಾಲರ್‌ಗೆ ಹೋಯ್ತು. ಚುಚ್ಚಿತು. ನಿನ್ನ ಸೂಜಿ. ಕೋಟು ಹೊಲಿದ ಒಂದು ಗೇಣು ನೀಲಿ ದಾರ ಇನ್ನೂ ಅದರ ಬಾಲದಲ್ಲೇ ಇದೆ. ಮೆಷಿನ್ ಯಾರಿಗೆ ಮಾರಿದೆ ಅಂತ ನಾನು ಕೇಳಲ್ಲ ಅಮ್ಮಾ. ಸಂಜೆ ಡಬ್ಬಿ ತೆಗೆದು, ಒಂದು ಕಮ್ಮಿ ಬಂತು ಅಂತ ಹುಡುಕ್ತಿದ್ರೆ ಇನ್ನು ಹುಡುಕಬೇಡ. ನನ್ನ ಹತ್ರ ಇದೆ.